ಬಾರಿಸದೆ ಬಿಟ್ಟ ಪೆಟ್ಟು

ಕಂಬಳಿಗುಡ್ಡ ಅಂತ ಒಂದು ಕುರಿಗಾರರ ಊರು. ಅಲ್ಲಿಯ ಡೊಳ್ಳಿನ ಮೇಳದವರು ದುಂಡಗೆ ನಿಂತು ಬಾರಿಸುತ್ತಾರೆ. ಅದರಲ್ಲೇನು ವಿಶೇಷ, ಎಲ್ಲ ಊರಲ್ಲೂ ಹಾಗೇ ಅಲ್ಲವೇ ಅನ್ನಬೇಡಿ. ಇವರು ಒಂದೊಂದು ಸುತ್ತು ಮುಗಿದಾಗಲೂ ಒಂದು ಪೆಟ್ಟನ್ನು ಬಾರಿಸದೆ ಬಿಡುತ್ತಾರೆ. ಎತ್ತಿದ ಕೋಲು ಎತ್ತಿದ ಹಾಗೇ ನಿಲ್ಲುತ್ತದೆ. ಒಂದು ಉಸಿರಿನಷ್ಟು ಹೊತ್ತು ಎಲ್ಲ ಗಪ್‌ಚಿಪ್. ಆಮೇಲೆ ಮತ್ತೆ ಧಡಂ ಅಂತ ಶುರು.

ಯಾಕೆ ಬಿಡುತ್ತಾರೆ? ಕೇಳಬೇಕು ಅನ್ನಿಸಿತು ತಾನೇ? ಹಿಂದೊಮ್ಮೆ ಆ ಊರಿನ ಚನ್ನಬೀರನಿಗೂ ಅನ್ನಿಸಿತ್ತು. ಅವನು ಮೇಳದಲ್ಲೇ ಗಟ್ಟಿ ಆಳು. ಡೊಳ್ಳು ಹೊತ್ತು ಕುಣಿದರೆ ನೆಲ ಅದುರುತ್ತಿತ್ತು. ನಡುವೆ ನಿಂತು ತಾಳ ಹಾಕುವ ಮೇಳದ ಯಜಮಾನ ಬರಮಜ್ಜನನ್ನು ಹೋಗಿ ಕೇಳಿದ. ಅಜ್ಜನಿಗೂ ಗೊತ್ತಿರಲಿಲ್ಲ. ನಮ್ಮಪ್ಪ ಬಿಡುತ್ತಿದ್ದ, ಅವನಪ್ಪನೂ ಬಿಡುತ್ತಿದ್ದ, ಅದಕ್ಕೆ ನಾನೂ ಬಿಡುತ್ತೇನೆ ಅಂದ. ಊರಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಒಬ್ಬ, ಅದು ದೇವರ ಪಾಲಿನ ಪೆಟ್ಟು ಅಂದ. ಇನ್ನೊಬ್ಬ, ಹಿಂದಿನವರಿಗೆ ಜಾರಿದ ಪಂಚೆ ಬಿಗಿದುಕೊಳ್ಳಲು ಬಿಡುವು ಬೇಕಿತ್ತು ಅಂದ. ಚನ್ನಬೀರನಿಗೆ ಪಂಚೆಯ ಮಾತೇ ನಿಜ ಅನ್ನಿಸಿತು.

ಅವತ್ತಿನಿಂದ ಅವನು ಆ ಬಿಟ್ಟ ಜಾಗದಲ್ಲಿ ತನ್ನದೊಂದು ಪೆಟ್ಟು ಜಡಿಯತೊಡಗಿದ. ಜನ ಶಿಳ್ಳೆ ಹಾಕಿದರು. ಶಿಳ್ಳೆ ಬಿದ್ದ ಮೇಲೆ ಕೇಳಬೇಕೆ, ಉಳಿದವರೂ ಅದನ್ನೇ ಕಲಿತರು. ಬರಮಜ್ಜ ಬೇಡ್ರಪ್ಪಾ ಅಂತ ಗೋಗರೆದ. ಯಾಕೆ ಬೇಡ ಅಂದರೆ ಹೇಳಲು ಅವನ ಹತ್ತಿರ ಕಾರಣ ಇರಲಿಲ್ಲ. ಹಾಗಾಗಿ ಬಿಡುವು ಬಂದಾಗ ತಾಳ ಎತ್ತಿ ಹಿಡಿದು ತೋರಿಸುವುದನ್ನೂ ನಿಲ್ಲಿಸಿದ.

ಚಳಿಗಾಲದ ಒಂದು ಬೆಳಗ್ಗೆ ಚನ್ನಬೀರನ ಹೆಂಡತಿ ಹಾಲವ್ವ ಗುಡ್ಡಕ್ಕೆ ಹೋದಳು. ಈಯುವ ಕುರಿಯೊಂದು ಹಿಂದಿನ ಸಂಜೆ ಮಂದೆಯ ಜೊತೆ ಮರಳಿರಲಿಲ್ಲ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ನೀರಿನ ಹಿತ್ತಾಳೆ ತಂಬಿಗೆ. ಅವಳು ಹತ್ತಿಹೋದ ಸ್ವಲ್ಪ ಹೊತ್ತಿಗೆ ಮಂಜು ಇಳಿಯಿತು. ಎಂಥ ಮಂಜು ಅಂದರೆ ಚಾಚಿದ ಕೈಯ ಬೆರಳು ಕಾಣದು. ಆ ಗುಡ್ಡದಲ್ಲಿ ಆಳವಾದ ಕೊರಕಲುಗಳಿದ್ದವು. ಒಂದು ಹೆಜ್ಜೆ ತಪ್ಪಿದರೆ ಮುಗಿಯಿತು. ಹುಡುಕಲು ಹೋದವರು ಅರ್ಧ ದಾರಿಯಲ್ಲೇ ದಿಕ್ಕು ತಪ್ಪಿ, ಹೇಗೋ ತಡವರಿಸಿಕೊಂಡು ವಾಪಸು ಬಂದರು.

ಚನ್ನಬೀರ ಮೇಳ ಕೂಡಿಸಿದ. ಎಲ್ಲ ಸೇರಿ ಬಾರಿಸೋಣ, ಸದ್ದು ಹಿಡಿದು ಬಂದುಬಿಡುತ್ತಾಳೆ ಅಂದ. ಊರ ಮುಂದಿನ ದಿಬ್ಬದ ಮೇಲೆ ದುಂಡಗೆ ನಿಂತು ಬಾರಿಸಿದರು ನೋಡಿ, ಅಂಥ ಡೊಳ್ಳು ಆ ಊರು ಎಂದೂ ಕೇಳಿರಲಿಲ್ಲ. ಅಂಗೈ ಕೆಂಪಾದವು, ತೋಳು ಸೋತವು. ಸೋತವನ ಡೊಳ್ಳನ್ನು ಮತ್ತೊಬ್ಬ ಹೊತ್ತುಕೊಂಡ. ಚನ್ನಬೀರ ಮಾತ್ರ ತನ್ನದನ್ನು ಇಳಿಸಲಿಲ್ಲ. ಸದ್ದು ನಿಂತರೆ ಅವಳಿಗೆ ದಾರಿ ತಪ್ಪುತ್ತದೆ ಅನ್ನುವುದೊಂದೇ ಅವನ ಭಯ. ಮಧ್ಯಾಹ್ನವಾಯಿತು, ಹೊತ್ತು ವಾಲಿತು, ಹಾಲವ್ವ ಬರಲಿಲ್ಲ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ಬಡಿಯುತ್ತಲೇ ಇತ್ತು.

ಬರಮಜ್ಜ ತಾಳ ಹಾಕುತ್ತಾ ಯೋಚಿಸುತ್ತಿದ್ದ. ಇಷ್ಟು ಸದ್ದು ಅವಳಿಗೆ ಕೇಳಿಸದೆ ಇರುತ್ತದೆಯೇ? ಕೇಳಿಸಿದರೆ ಕೂಗದೆ ಇರುತ್ತಾಳೆಯೇ? ಕೂಗಿದ್ದರೆ ನಮಗೆ ಯಾಕೆ ಕೇಳಿಸಲಿಲ್ಲ? ಅಜ್ಜನ ಕೈ ತಟ್ಟನೆ ನಿಂತಿತು. ಚನ್ನಬೀರನ ಹತ್ತಿರ ಹೋಗಿ ಅವನ ಕಿವಿಯಲ್ಲಿ ಹೇಳಿದ:

“ತಮ್ಮಾ, ಬೆಳಗ್ಗೆಯಿಂದ ನಾವು ಇಲ್ಲಿದ್ದೀವಿ ಅಂತ ಹೇಳ್ತಾನೇ ಇದ್ದೀವಿ. ನೀ ಎಲ್ಲಿದ್ದೀಯವ್ವಾ ಅಂತ ಒಂದು ಸಲನೂ ಕೇಳಲಿಲ್ಲ. ಆ ಪೆಟ್ಟು ಬಿಡು.”

“ಬಿಟ್ಟರೆ ಅವಳು ಕೈತಪ್ಪಿ ಹೋಗ್ತಾಳಜ್ಜಾ,” ಎಂದು ಚನ್ನಬೀರ ಬಿಕ್ಕಿದ.

ಅಜ್ಜ ನಡುವೆ ಹೋಗಿ ನಿಂತ. ಸುತ್ತು ಮುಗಿಯುತ್ತಿದ್ದಂತೆ ಹಳೆಯ ರೂಢಿಯ ಹಾಗೆ ತಾಳವನ್ನು ತಲೆಯ ಮೇಲೆ ಎತ್ತಿ ಹಿಡಿದ. ಎಲ್ಲರ ಕೋಲೂ ಮೇಲೇ ನಿಂತವು. ಚನ್ನಬೀರನ ಕೋಲೂ ಎದ್ದಿತು, ಕೆಳಗಿಳಿಯಲಿಲ್ಲ.

ಏನೂ ಇಲ್ಲ. ಬರೀ ಮಂಜು.

ಇನ್ನೊಂದು ಸುತ್ತು ಬಾರಿಸಿದರು. ಮತ್ತೆ ಬಿಟ್ಟರು. ಆಗ ದೂರದ ಕೊರಕಲಿನ ಕಡೆಯಿಂದ ಸಣ್ಣಗೆ ಕೇಳಿಸಿತು: ಟಣ್.

ತಂಬಿಗೆಗೆ ಕಲ್ಲಿನಿಂದ ಬಡಿದ ಸದ್ದು. ತನ್ನ ಮನೆಯ ತಂಬಿಗೆ ಚನ್ನಬೀರನಿಗೆ ಗೊತ್ತಾಗದೆ ಇರುತ್ತದೆಯೇ? ಡೊಳ್ಳು ಇಳಿಸಿದವನೇ ಒಂದಿಬ್ಬರನ್ನು ಕರೆದುಕೊಂಡು, ಹಗ್ಗ ಹಿಡಿದು, ಕೋಲಿನಿಂದ ನೆಲ ತಡವುತ್ತಾ ಆ ದಿಕ್ಕಿಗೆ ನಡೆದ. ಹಿಂದಿನಿಂದ ಮೇಳ ಬಾರಿಸುತ್ತಿತ್ತು, ಬಿಡುತ್ತಿತ್ತು. ಬಿಟ್ಟಾಗಲೆಲ್ಲ ಮುಂದಿನಿಂದ ಟಣ್ ಅನ್ನುತ್ತಿತ್ತು. ಅವನು ಅಲ್ಲಿಯೇ ನಿಂತು ಕೇಳಿ, ದಿಕ್ಕು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದ.

ಹಾಲವ್ವ ಕೊರಕಲಿನ ಅಂಚಿನಲ್ಲೇ ಕೂತಿದ್ದಳು. ಕಂಬಳಿಯೊಳಗೆ ಆಗ ತಾನೇ ಹುಟ್ಟಿದ ಮರಿ, ಪಕ್ಕದಲ್ಲಿ ಅದರ ತಾಯಿ. ಡೊಳ್ಳು ಶುರುವಾದಾಗಿನಿಂದಲೂ ಅವಳಿಗೆ ಕೇಳಿಸುತ್ತಿತ್ತಂತೆ. ಆದರೆ ಸುತ್ತಲಿನ ಬಂಡೆಗಳಿಗೆ ಬಡಿದು ಸದ್ದು ಎಲ್ಲ ಕಡೆಯಿಂದಲೂ ಬರುತ್ತಿತ್ತು. ಯಾವ ಕಡೆಗೆಂದು ಕಾಲಿಡುವುದು? ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೆ ತಂಬಿಗೆ ಬಡಿಯುತ್ತಾ ಕೂತಿದ್ದಳು. ಗಂಡನನ್ನು ಕಂಡು ಹೊರಡದ ದನಿಯಲ್ಲಿ ಇಷ್ಟೇ ಅಂದಳು:

“ಬೆಳಗ್ಗೆಯಿಂದ ನನಗೊಂದು ಮಾತಿಗೆ ಜಾಗ ಕೊಡಲಿಲ್ಲವಲ್ಲ ನೀವು.”

ಚನ್ನಬೀರ ಮರಿಯನ್ನು ಎತ್ತಿಕೊಂಡು ಅದರ ಮೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಹಿಂದಿನವರು ಆ ಪೆಟ್ಟು ಬಿಟ್ಟದ್ದು ಇದಕ್ಕೋ ಪಂಚೆಗೋ, ನನಗೂ ಗೊತ್ತಿಲ್ಲ. ಈಗ ಬಿಡುವುದಂತೂ ಇದಕ್ಕೇ. ಮುಂದಿನ ಸಲ ಮೇಳ ಕೂಡಿದಾಗ ಜನ ಎಂದಿನ ಹಾಗೆ ಶಿಳ್ಳೆ ಹಾಕಿ, ಜಡಿ ಚನ್ನಬೀರಾ ಅಂದರು. ಅವನು ಕೋಲೆತ್ತಿ ಹಿಡಿದು ಸುಮ್ಮನೆ ನಿಂತ. ಆ ಬಿಡುವಿನಲ್ಲಿ, ನೋಡಲು ಸೇರಿದ್ದ ಹೆಂಗಸರ ನಡುವಿನಿಂದ ಒಂದು ಸದ್ದು ಬಂತು: ಟಣ್. ಹಾಲವ್ವ ತಂಬಿಗೆ ತಂದಿದ್ದಳು.

ನೀತಿ: ನಮ್ಮವರನ್ನು ಕರೆಯುತ್ತಲೇ ಇದ್ದರೆ ಸಾಲದು, ಅವರು ಓಗೊಡಲು ನಡುವೆ ಜಾಗವನ್ನೂ ಬಿಡಬೇಕು. ಪ್ರೀತಿ ಎಷ್ಟೇ ದೊಡ್ಡದಿರಲಿ, ಕಿವಿಗೊಡದಿದ್ದರೆ ಅದು ಬರೀ ಸದ್ದು.