ಎರಡು ಆಂಟೆನಾ, ಒಂದು ಕೂಗು

ಮೀನುಗಾರಿಕೆ ಬಂದರಿನ ವೈರ್‌ಲೆಸ್ ಕೋಣೆಯ ತಾರಸಿಯ ಮೇಲೆ ಎರಡು ಆಂಟೆನಾಗಳಿದ್ದವು. ಒಂದು ಮೂವತ್ತು ವರ್ಷ ಹಳೆಯ ಅಲ್ಯೂಮಿನಿಯಂನದು, ಬುಡದಲ್ಲಿ ನಾಲ್ಕು ಕಡ್ಡಿ ಚಾಚಿಕೊಂಡಿತ್ತು. ಇನ್ನೊಂದು ನಿನ್ನೆ ತಾನೇ ನಿಲ್ಲಿಸಿದ ಬಿಳಿ ಫೈಬರಿನದು.

“ಇನ್ನು ನೀವು ವಿಶ್ರಾಂತಿ ತಗೊಳ್ಳಿ ಹಿರಿಯರೇ,” ಎಂದಿತು ಹೊಸದು. “ಉಪ್ಪುಗಾಳಿ ನನ್ನನ್ನು ತಿನ್ನುವುದಿಲ್ಲ.”

“ನಾನು ಮೂರು ಚಂಡಮಾರುತ ಕಂಡವನು. ನೀನಿನ್ನೂ ಒಂದು ಹಲೋ ಕೇಳಿಲ್ಲ,” ಎಂದಿತು ಹಳೆಯದು.

ಅಷ್ಟರಲ್ಲಿ ಗಾಳಿ ಎದ್ದಿತು. ಜಟ್ಟಪ್ಪನ ಬೋಟೊಂದೇ ಇನ್ನೂ ದಡಕ್ಕೆ ಬಂದಿರಲಿಲ್ಲ. ಕೆಳಗೆ ಕೋಣೆಯಲ್ಲಿ ವಾಮನ ಖಾರ್ವಿ ಮೈಕು ಹಿಡಿದು ಕರೆಯತೊಡಗಿದರು.

“ಜಟ್ಟಪ್ಪಾ, ಎಲ್ಲಿದ್ದೀಯೋ ಮಾರಾಯಾ? ಮಾತಾಡು.”

ಹತ್ತು ಸಲ ಕರೆದರೂ ಉತ್ತರವಿಲ್ಲ. ಅವರು ದನಿ ಏರಿಸಿ ಮತ್ತೆ ಕರೆದರು.

“ನಿಮ್ಮ ಕಡ್ಡಿಗಳು ಅಡ್ಡ ಬರುತ್ತಿವೆ,” ಎಂದಿತು ಹೊಸದು.

“ನಿನಗೆ ಸಮುದ್ರದ ಪರಿಚಯವೇ ಇಲ್ಲ,” ಎಂದಿತು ಹಳೆಯದು.

ಕೊನೆಗೆ ಜಟ್ಟಪ್ಪನ ದನಿ ಸ್ಪಷ್ಟವಾಗಿ ಕೇಳಿಸಿತು: “ಬಂದೆ ವಾಮನಣ್ಣ. ಎಲ್ಲರೂ ಸುಖವಾಗಿದ್ದೇವೆ.”

“ಆ ದನಿ ತಂದವನು ನಾನು,” ಎಂದವು ಎರಡೂ ಒಟ್ಟಿಗೆ.

ಕಿಟಕಿಯ ಮೇಲೆ ಕುಳಿತಿದ್ದ ಕಾಗೆ ಹಾರಿ ತಾರಸಿಗೆ ಬಂತು.

“ಸ್ವಾಮಿಗಳೇ, ವಾಮನಣ್ಣ ನಿನ್ನೆ ಹಿರಿಯರಿಂದ ಕೇಬಲ್ ಬಿಚ್ಚಿದವರು ಕಿರಿಯರಿಗೆ ಸಿಕ್ಕಿಸುವುದನ್ನು ಮರೆತಿದ್ದಾರೆ. ಅದು ನಿಮ್ಮಿಬ್ಬರ ಕಾಲಬುಡದಲ್ಲೇ ಬಿದ್ದಿದೆ. ಜಟ್ಟಪ್ಪ ಬೋಟು ಕಟ್ಟಿ ಬಂದು, ಈ ಕೋಣೆಯ ಬಾಗಿಲಲ್ಲಿ ನಿಂತು ಕೂಗಿದ್ದು.”

ಎರಡೂ ತಮ್ಮ ಬುಡ ನೋಡಿಕೊಂಡವು.

“ಆದರೂ ಬಾಗಿಲು ಇರುವುದು ನನ್ನ ಕಡೆಗೆ,” ಎಂದಿತು ಹಳೆಯದು.