ಬಾವಿಯ ಸರದಿ

ಯಮನಪ್ಪ ಪರದೇಶದಲ್ಲಿ ಶಾಂತಿಪಾಲನಾ ಪಡೆಯ ನೀಲಿ ಟೋಪಿ ಹಾಕಿ ನಿಂತು ಬಂದ ಸೈನಿಕ. ಈಗ ಮಲಪ್ರಭೆಯ ದಂಡೆಯ ಮಠದಲ್ಲಿ, ಜನ ಅಜ್ಜಾರು ಎಂದೇ ಕರೆಯುವ ಗುರುಗಳ ಶಿಷ್ಯ.

ಒಂದು ಬೆಳಿಗ್ಗೆ ಅವನು ಗುರುಗಳ ಮುಂದೆ ದಪ್ಪ ನೋಟುಬುಕ್ಕು ಇಟ್ಟ. ಜಗಳ ಬಿಡಿಸಲು ಹೋದ ಸೈನಿಕರ ಮೇಲೆ ಉಗ್ರರು ಯಾವ ದೇಶದಲ್ಲಿ, ಯಾವ ವರ್ಷ ದಾಳಿ ಮಾಡಿದರು, ಎಷ್ಟು ಮಂದಿ ಸತ್ತರು, ಎಲ್ಲ ಅದರಲ್ಲಿತ್ತು. ಕೊನೆಯ ಪುಟದಲ್ಲಿ ಗೆಳೆಯ ಲಗಮಣ್ಣನ ಹೆಸರು.

"ಲಗಮಣ್ಣನ ಅವ್ವ ಕಾಗದ ಬರದಾಳ್ರೀ ಅಜ್ಜಾರ. ನನ್ನ ಮಗ ಸತ್ತು ಏನು ಉಳೀತು ಅಂತ ಕೇಳ್ಯಾಳ. ಉತ್ತರ ಹುಡುಕಾಕ ಇಷ್ಟೂ ಬರದೆ. ಸಿಗಲಿಲ್ಲ."

ಅಜ್ಜಾರು ಅವಸರದ ಮನುಷ್ಯರಲ್ಲ. ಊಟವನ್ನೂ ಮರೆತು ಒಂದೊಂದೇ ಪುಟ ಓದಿದರು. ಕಣ್ಣು ಒದ್ದೆಯಾದವು.

"ನೀವಿಬ್ಬರೂ ಅಲ್ಲಿ ಎಷ್ಟು ದಿನ ನಿಂತಿದ್ರಿ?"

"ಹತ್ತು ತಿಂಗಳು."

"ಬಾಂಬು ಸಿಡಿದದ್ದು?"

"ಒಂದ ದಿನ. ಕ್ಯಾಂಪಿನ ಬಾಗಿಲಿಗೆ ಲಾರಿ ನುಗ್ಗಿಸಿದ್ರು. ಲಗಮಣ್ಣ ಅಡ್ಡ ನಿಂತ."

"ಉಳಿದ ದಿನ ಇದರಾಗ ಇಲ್ಲಲ್ಲೋ ತಮ್ಮಾ. ಇಲಿ ತಿಂದವೇನು?"

"ಅವತ್ತೆಲ್ಲ ಏನೂ ನಡೀಲಿಲ್ರಿ. ಬಾವಿ ಕಾಯ್ತಿದ್ವಿ, ಅಷ್ಟ."

"ಯಾವ ಬಾವಿ?"

"ಎರಡು ಊರಿಗೆ ಒಂದ ಬಾವಿ. ನಾವು ಹೋಗೂಕಿಂತ ಮೊದಲು ಅದರ ಸಲುವಾಗಿ ಹೆಣ ಬಿದ್ದಿದ್ದವು. ಲಗಮಣ್ಣ ಸರದಿ ಹಚ್ಚಿದ. ಈ ಊರಿಂದು ಒಂದು ಕೊಡ, ಆ ಊರಿಂದು ಒಂದು ಕೊಡ. ಬಂದೂಕು ಬೆನ್ನಿಗೆ ಹಾಕ್ಕೊಂಡು ತಾನ ಹಗ್ಗ ಜಗ್ಗತಿದ್ದ. ಒಮ್ಮೆ ಮರತು ಒಂದ ಊರಿಗೆ ಎರಡು ಕೊಡ ಕೊಟ್ಟ ನೋಡ್ರಿ, ಎರಡೂ ಊರಿನ ಹೆಂಗಸರು ಕೂಡಿ ಅವನಿಗೆ ಮಂಗಳಾರತಿ ಮಾಡಿದ್ರು!"

ಹೇಳುತ್ತ ಹೇಳುತ್ತ ಯಮನಪ್ಪನಿಗೆ ನಗು ಉಕ್ಕಿತು. ಮಠಕ್ಕೆ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅಜ್ಜಾರಿಗೂ ಖುಷಿಯಾಯಿತು.

"ಅವ ಹೋದ ಮ್ಯಾಲೆ?"

"ಕ್ಯಾಂಪು ಬಿಟ್ಟು ಹೊರಗ ಹೋಗಬ್ಯಾಡ್ರಿ ಅಂತ ಹುಕುಂ ಬಂತು. ಎಂಟು ದಿನ ಬಾವಿ ಹತ್ರ ನಮ್ಮವರು ಯಾರೂ ನಿಲ್ಲಲಿಲ್ಲ. ನಾನು ದುರ್ಬೀನು ಹಿಡಿದು ದೂರದಿಂದ ನೋಡ್ತಿದ್ದೆ."

"ಏನು ಕಂಡಿ?"

"ಈ ಊರಿಂದು ಒಂದು ಕೊಡ, ಆ ಊರಿಂದು ಒಂದು ಕೊಡ. ಹಂಗ ನಡದಿತ್ತು."

ಅಜ್ಜಾರು ನೋಟುಬುಕ್ಕು ಮುಚ್ಚಿ ಬದಿಗಿಟ್ಟರು. ಒಂದು ಬಿಳಿ ಹಾಳೆ, ಪೆನ್ನು ಅವನ ಕೈಗೆ ಕೊಟ್ಟರು.

"ಆ ಎಂಟು ದಿನ ಬಾವಿ ಹತ್ರ ಯಾರೂ ನಿಂತಿರಲಿಲ್ಲ ಅಂತ ಮಾತ್ರ ಅವ್ವಗ ಬರೀಬ್ಯಾಡ. ನಿನ್ನ ಮಗ ನಿಂತಿದ್ದ ಅಂತ ಬರಿ."