ಹುಲ್ಲಿನ ಬುಡದ ನೀಲಿ ಹೂ

"ಇವತ್ತೂ ಆಯಿತು ಗುರುಗಳೇ. ನಾನು ಕಣ್ಣು ಮುಚ್ಚಿ ಕೂತರೆ ಸಾಕು, ಮನೆಯಲ್ಲಿ ಎಲ್ಲರಿಗೂ ಬಾಯಿ ಬರುತ್ತದೆ. ಅತ್ತೆಗೆ ಬಿಸಿನೀರು, ಗಂಡನಿಗೆ ಅಂಗಿ. ಅವರನ್ನೆಲ್ಲ ಸಾಗಹಾಕಿ ಮತ್ತೆ ಕೂತೆ. ಮಗಳು ಬಂದು ಸೆರಗು ಜಗ್ಗಿದಳು. ಯಾಕೆ ಅಂತಲೂ ಕೇಳಲಿಲ್ಲ, ಬೆನ್ನಿಗೊಂದು ಕೊಟ್ಟು ಆಚೆ ಕಳಿಸಿದೆ. ಹೀಗಾದರೆ ನನಗೆ ಶಾಂತಿ ಸಿಗುವುದು ಯಾವ ಕಾಲಕ್ಕೆ?" ಎಂದು ಹಾಲಮ್ಮ ಕೇಳಿದಳು.

ಗುರುಗಳು ಅವಳನ್ನು ಕೂರಿಸಿ ಕತೆ ತೆಗೆದರು.

ಹುಲ್ಲು ಕೊಯ್ದು ಮಾರುವ ಒಬ್ಬ ಹೆಂಗಸಿದ್ದಳು. ಅವಳು ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಅವಳ ಅವ್ವ ಒಂದು ಸಣ್ಣ ನೀಲಿ ಹೂವನ್ನು ಅವಳ ಕಿವಿಯ ಹಿಂದೆ ಸಿಕ್ಕಿಸುತ್ತಿದ್ದಳು. ಕೆರೆಯ ನೀರು ಹಿಂದೆ ಸರಿದ ಮೇಲೆ ಹಸಿ ಮಣ್ಣಿನಲ್ಲಿ ಅರಳಿ, ಬಿಸಿಲೇರುವ ಮೊದಲೇ ಮುದುಡುವ ಹೂ. ಅದರ ಹೆಸರು ಅವಳಿಗೆ ತಿಳಿಯದು. ಅವ್ವ ಸತ್ತಳು. ವರ್ಷ ಕಳೆದಂತೆ ಅವ್ವನ ಮುಖವೂ ಮಸುಕಾಯಿತು. ಆ ಹೂ ಒಮ್ಮೆ ಕಂಡರೆ ಮುಖವೂ ಮರಳಿ ಬಂದೀತು ಎಂದು ಅವಳು ನಂಬಿದ್ದಳು.

ಪ್ರತಿ ಬೇಸಿಗೆಯಲ್ಲೂ ರಸ್ತೆಯ ಬದಿ, ಜೌಗು, ಕೆರೆಯಂಗಳ ಎಲ್ಲ ಹುಡುಕಿದಳು. ಬಿಳಿ ಹೂ ಸಿಕ್ಕಿತು, ಹಳದಿ ಹೂ ಸಿಕ್ಕಿತು. ನೀಲಿ ಸಿಗಲಿಲ್ಲ. ಜೊತೆಗೆ ಬರುತ್ತಿದ್ದ ಪುಟ್ಟ ಮಗಳು ಮಾರಿಗೊಮ್ಮೆ ಕುಕ್ಕರಗಾಲಲ್ಲಿ ಕೂತು, "ಅವ್ವಾ, ಇಲ್ಲಿ ಬಾ" ಎನ್ನುವಳು. "ಎದ್ದೇಳೇ, ಬಿಸಿಲೇರಿದರೆ ಹೂ ಮುದುಡುತ್ತೆ" ಎಂದು ಇವಳು ರಟ್ಟೆ ಹಿಡಿದು ಎಳೆಯುವಳು. ಈ ಕಾಟಕ್ಕೇ ಹೊತ್ತು ಮೀರುತ್ತಿದೆ ಎಂದು ಒಂದು ದಿನ ಮಗುವನ್ನು ಮನೆಯಲ್ಲಿ ಬಿಟ್ಟು, ನಸುಕಿಗೇ ಹೊರಟಳು. ಇಡೀ ಕೆರೆ ಸುತ್ತಿದಳು. ಯಾರೂ ಕರೆಯಲಿಲ್ಲ. ಹೂವೂ ಕಾಣಲಿಲ್ಲ.

ಕೆರೆಯ ಏರಿಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಹಿಂದೆ ಅವ್ವನ ಜೊತೆ ಹುಲ್ಲು ಕೊಯ್ದವಳು.

"ಅಜ್ಜೀ, ನಮ್ಮವ್ವ ಆ ನೀಲಿ ಹೂ ಎಲ್ಲಿ ಹುಡುಕುತ್ತಿದ್ದಳು?"

ಮುದುಕಿ ನಕ್ಕಳು. "ನಿಮ್ಮವ್ವ ಹೂ ಹುಡುಕುತ್ತಿದ್ದಳಾ? ತಲೆ ಮೇಲೆ ಹೊರೆ ಹೊತ್ತವಳು ನೆಲ ಹೇಗೆ ನೋಡ್ತಾಳೇ? ನೀನೇ ದಾರೀಲಿ ಕೂತು ಅವ್ವಾ ಅವ್ವಾ ಅಂತ ಊರಿಗೆಲ್ಲ ಕೇಳೋ ಹಾಗೆ ಕೂಗ್ತಿದ್ದೆ. ಅವಳು ನಿನ್ನ ಜನ್ಮ ಜಾಲಾಡಿಕೊಂಡೇ ಹೊರೆ ಇಳಿಸಿ ನಿನ್ನ ಪಕ್ಕ ಕೂರೋಳು. ಅದು ಹುಲ್ಲಿನ ಬುಡದಲ್ಲಿರೋ ಹೂ. ನಿಂತವರಿಗೆ ಕಾಣಲ್ಲ."

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ? ಅವಳಿಗೆ ಹೂ ಸಿಕ್ಕಿತೇ?" ಎಂದಳು ಹಾಲಮ್ಮ.

"ಅದಿರಲಿ ತಾಯಿ," ಎಂದರು ಗುರುಗಳು. "ಇವತ್ತು ನಿನ್ನ ಮಗಳು ಸೆರಗು ಜಗ್ಗಿದ್ದು ಏನು ತೋರಿಸುವುದಕ್ಕೆ?"